ಹುಳಕ್ಕೆ ಕಥೆ ಕಟ್ಟೋದು ಮಕ್ಕಳಾಟ ಅಲ್ಲ

ಗೋಡೆ ಮೇಲೆ ಒಂಟಿಯಾಗಿ ಹೋಗ್ತಿರೋ ಇರುವೆ ನೋಡಿದ್ರೆ ಇದು ಯಾರ ಮೇಲೆ ಮುನಿಸ್ಕೊಂಡು ಗೂಡು ಬಿಟ್ಟು ಬಂತೋ ಅನ್ಸುತ್ತೆ ನಂಗೆ. ಹೀಗಂದ್ರೆ ಸುಮಾರು ಜನ ನಗ್ತಾರೆ, ಹುಳಕ್ಕೆ ಎಂಥ ಬದುಕು, ತಿನ್ನೋದು ಮೊಟ್ಟೆ ಇಡೋದು ಸಾಯೋದು ಅಷ್ಟೇ ತಾನೆ ಅಂತಾರೆ. ನಾನು ಒಪ್ಪಲ್ಲ. ಹುಳಕ್ಕೆ ಕಥೆ ಕಟ್ಟೋರು ಕನಿಷ್ಠ ಅದನ್ನ ನಿಂತು ನೋಡಿರ್ತಾರೆ, ಕಂಡ ತಕ್ಷಣ ಚಪ್ಪಲಿ ಹುಡುಕೋರು ನೋಡಿರಲ್ಲ.

ನಮ್ಮಲ್ಲಿ ಕೀಟ ಭ್ರಮರ ನ್ಯಾಯ ಅಂತ ಒಂದು ಹಳೇ ದೃಷ್ಟಾಂತ ಇದೆಯಲ್ಲ, ಕಡಜ ಒಂದು ಹುಳಾನ ತಂದು ಮಣ್ಣಿನ ಗೂಡಲ್ಲಿ ಕೂಡಿಹಾಕಿ ಗುಂಯ್‌ಗುಡುತ್ತಂತೆ, ಒಳಗಿರೋ ಹುಳ ಹೆದರ್ಕೊಂಡು ಅದನ್ನೇ ನೆನೀತಾ ನೆನೀತಾ ಕೊನೆಗೆ ತಾನೇ ಕಡಜ ಆಗಿ ಹಾರಿಹೋಗುತ್ತಂತೆ. ವೇದಾಂತದವರು ಇದನ್ನ ಭಕ್ತ ದೇವರನ್ನ ನೆನೆದು ದೇವರೇ ಆಗೋದಕ್ಕೆ ಹೋಲಿಸಿದ್ರು. ನಡೆಯೋದೇ ಬೇರೆ. ಹೆಣ್ಣು ಕಡಜ ಕಂಬಳಿಹುಳಾನೋ ಜೇಡಾನೋ ಚುಚ್ಚಿ ಅಲ್ಲಾಡದ ಹಾಗೆ ಮಾಡುತ್ತೆ, ಸಾಯಿಸಿದ್ರೆ ಕೊಳೆತುಹೋಗುತ್ತಲ್ಲ. ಗೂಡಿಗೆ ತುಂಬಿ, ಮೊಟ್ಟೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ ಹೋಗುತ್ತೆ, ಮರಿ ಅದನ್ನೇ ತಿಂದು ಬೆಳೆದು ಮಣ್ಣು ಕೊರೆದು ಹೊರಗೆ ಬರುತ್ತೆ. ಆದ್ರೂ ಆ ಹಳೇ ಕಥೆ ಮೇಲೆ ನಂಗೆ ತುಂಬ ಗೌರವ. ಹುಳ ಒಳಗೆ ಹೋಗಿದ್ದನ್ನೂ, ಎಷ್ಟೋ ದಿನ ಆದ್ಮೇಲೆ ಕಡಜ ಹೊರಗೆ ಬಂದಿದ್ದನ್ನೂ ಯಾರೋ ಕಾದು ನೋಡಿದಾರೆ. ಆ ಗುಂಯ್ ಕೂಡ ಸುಳ್ಳಲ್ಲ, ಹಸಿ ಮಣ್ಣು ಮೆತ್ತುವಾಗ ಕಡಜ ಮೈ ನಡುಗಿಸಿ ಸದ್ದು ಮಾಡುತ್ತೆ, ಹತ್ರ ಹೋದ್ರೆ ಕೇಳುತ್ತೆ.

ನನ್ನ ತಕರಾರು ಇರೋದು ನಮ್ಮ ಸಂಸಾರಾನೇ ಹುಳಕ್ಕೆ ಹೊರಿಸೋ ಕಥೆಗಳ ಬಗ್ಗೆ. ನೊಣ ಮುಂಗಾಲು ಉಜ್ಜಿದ್ರೆ ಏನೋ ಸಂಚು ಮಾಡ್ತಿದೆ ಅಂತೀವಿ, ಅದು ಕಾಲು ಕ್ಲೀನ್ ಮಾಡ್ಕೊಳ್ತಿರುತ್ತೆ, ಯಾಕಂದ್ರೆ ಅದಕ್ಕೆ ರುಚಿ ಗೊತ್ತಾಗೋದು ಕಾಲಲ್ಲೂ. ಕೂತಲ್ಲೆಲ್ಲಾ ರುಚಿ ಸಿಗೋ ಬದುಕು ಹೇಗಿರುತ್ತೆ, ಕಥೆ ಅಲ್ಲಿಂದ ಶುರು ಆಗ್ಬೇಕು. ಪತಂಗ ದೀಪಾನ ಪ್ರೀತಿಸಿ ಸಾಯುತ್ತೆ ಅಂತ ಕವಿಗಳು ಹೇಳ್ಕೊಂಡು ಬಂದ್ರು, 2024ರಲ್ಲಿ ಬಂದ ಅಧ್ಯಯನದಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದ್ರೆ ಅದು ಬೆನ್ನನ್ನ ಬೆಳಕಿನ ಕಡೆ ತಿರುಗಿಸ್ತಾ ಇದೆ. ರಾತ್ರಿ ಆಕಾಶಾನೇ ನೆಲಕ್ಕಿಂತ ಬೆಳ್ಳಗಿರೋ ಕಾಲದಿಂದ ಬಂದ ಅಭ್ಯಾಸ, ಬೆಳಕಿದ್ದ ಕಡೆ ಮೇಲೆ ಅಂತ ನಂಬ್ಕೊಂಡಿದೆ. ನಮ್ಮ ಬಲ್ಬ್ ಅದಕ್ಕೆ ಮೇಲೆ ಯಾವ್ದು ಕೆಳಗೆ ಯಾವ್ದು ಅನ್ನೋದನ್ನೇ ಮರೆಸಿಬಿಡುತ್ತೆ. ಪ್ರೀತಿಗಿಂತ ಇದು ನಂಗೆ ಜಾಸ್ತಿ ಸಂಕಟ ಕೊಡುತ್ತೆ.

ಇರುವೇದಂತೂ ಇನ್ನೂ ವಿಚಿತ್ರ. ಸತ್ತ ಇರುವೆ ಮೈಯಿಂದ ಒಲೀಕ್ ಆಸಿಡ್ ವಾಸನೆ ಬರುತ್ತೆ, ಬಂದ ಕೂಡಲೇ ಉಳಿದವು ಅದನ್ನ ಹೊತ್ಕೊಂಡು ಹೋಗಿ ಕಸದ ಗುಡ್ಡೆಗೆ ಹಾಕ್ತವೆ. 1950ರ ದಶಕದಲ್ಲಿ ಎಡ್ವರ್ಡ್ ವಿಲ್ಸನ್ ಅನ್ನೋ ವಿಜ್ಞಾನಿ ಅದೇ ಆಸಿಡ್‌ನ ಬದುಕಿರೋ ಇರುವೆಗೆ ಸವರಿದ್ರು. ಅದು ಕಾಲು ಬಡೀತಿದ್ರೂ ಬಿಡದೆ ಎತ್ಕೊಂಡು ಹೋಗಿ ಹೆಣಗಳ ಜೊತೆ ಹಾಕಿಬಂದ್ವು, ವಾಪಸ್ ಬಂದ್ರೆ ಮತ್ತೆ ಹೊತ್ತೊಯ್ದ್ವು, ಅದು ಕೂತು ಮೈಯೆಲ್ಲಾ ನೆಕ್ಕಿ ಕ್ಲೀನ್ ಮಾಡ್ಕೊಂಡ್ಮೇಲೇ ಗೂಡೊಳಗೆ ಸೇರಿಸ್ಕೊಂಡಿದ್ದು. ನೀನು ಸತ್ತಿದೀಯ ಅಂತ ಅಕ್ಕತಂಗಿಯರೆಲ್ಲಾ ಸೇರಿ ತೀರ್ಮಾನ ಮಾಡಿದ್ಮೇಲೆ (ಕೆಲಸದ ಇರುವೆಗಳೆಲ್ಲ ಹೆಣ್ಣೇ) ಆ ಗುಡ್ಡೆ ಮೇಲೆ ಕೂತ್ಕೊಂಡು ಒಂದು ಜೀವಕ್ಕೆ ಏನನ್ನಿಸ್ತಿರಬಹುದು? ಇಂಥದ್ದೊಂದು ಕಥೇನ ನಾನಂತೂ ಕಲ್ಪಿಸ್ಕೊಳ್ತಿರಲಿಲ್ಲ.

ಸೊಳ್ಳೆ ವಿಷ್ಯ ಬೇರೆ, ಡೆಂಗ್ಯೂ ಹರಡೋ ಸೊಳ್ಳೇನ ಹೊಡೀಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಸೊಳ್ಳೇಲೂ ಹೆಣ್ಣಿನ ರೆಕ್ಕೆ ಸ್ವರ ಸುಮಾರು 400 ಹರ್ಟ್ಸ್ (ಅಂದ್ರೆ ರೆಕ್ಕೆ ಸೆಕೆಂಡಿಗೆ ಅಷ್ಟು ಸಲ ಬಡಿಯುತ್ತೆ), ಗಂಡಿಂದು 600, ಜೋಡಿ ಆಗೋ ಹೊತ್ತಿಗೆ ಎರಡೂ ತಮ್ಮ ತಮ್ಮ ಸ್ವರ ಹೊಂದಿಸ್ಕೊಂಡು, 400ರ ಮೂರು ಪಟ್ಟು 600ರ ಎರಡು ಪಟ್ಟು ಆಗೋ ಮೇಲಿನ 1200ರ ಸ್ವರದಲ್ಲಿ ಕೂಡ್ತವೆ. ಕಿವಿ ಹತ್ರ ಬರೋ ಆ ಸದ್ದಿಗೆ ಹೀಗೊಂದು ಒಳಬದುಕಿದೆ ಅಂತ ತಿಳ್ಕೊಂಡೂ ಹೊಡೀಬಹುದು.

2022ರಲ್ಲಿ ಲಂಡನ್ನಿನ ಕ್ವೀನ್ ಮೇರಿ ಯೂನಿವರ್ಸಿಟಿಯವರು ಬಂಬಲ್‌ಬೀ ಅನ್ನೋ ದಪ್ಪ ರೋಮದ ಜೇನುಗಳ ದಾರೀಲಿ ಪುಟ್ಟ ಮರದ ಚೆಂಡುಗಳನ್ನ ಇಟ್ಟಿದ್ರು. ಊಟ ಬೇರೆ ಕಡೆ ಇತ್ತು, ಚೆಂಡಿಂದ ಏನೂ ಲಾಭ ಇರಲಿಲ್ಲ, ಆದ್ರೂ ಬಂದು ಬಂದು ಉರುಳಿಸಿದ್ವು, ಒಂದಂತೂ 117 ಸಲ. ಎಳೇವು ಮುದಿಯವಕ್ಕಿಂತ ಜಾಸ್ತಿ ಆಡಿದ್ವು. ಆಟ ಬೇಕು ಅನ್ನಿಸೋ ಜೀವಕ್ಕೆ ಆಟ ಇಲ್ಲದಾಗ ಬೇಜಾರೂ ಆಗುತ್ತಾ ಅನ್ನೋದು ಈಗ ನನ್ನ ತಲೇಲಿ ಕೊರೀತಿರೋ ಪ್ರಶ್ನೆ, ಆಗುತ್ತೆ ಅನ್ನೋ ಕಡೆಗೇ ನಂದು ಓಟು.