ಕಿಷ್ಕಿಂಧೆಯಲ್ಲೊಂದು ಮಿಕ್ಸರ್

ನಮ್ಮ ಗಂಗಾವತಿಯಿಂದ ಆನೆಗೊಂದಿ ದೂರವೇನಲ್ಲ. ಅದೇ ಕಿಷ್ಕಿಂಧೆ, ರಾಮ ಬಾಣ ಬಿಟ್ಟು ವಾಲಿಯನ್ನು ಕೆಡವಿದ್ದು ಅಲ್ಲೇ ಅಂತ ಊರಿನವರ ನಂಬಿಕೆ. ಆ ಬಾಣವನ್ನು ಅಳತೆಗೆ ಕತ್ತರಿಸಿಕೊಟ್ಟವರು ಯಾರು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಮಗ ಆರ್ಚರಿ ಕಲಿಯಲು ಶುರು ಮಾಡಿದ ಮೇಲೆ ನನಗೆ ಆ ಪುಣ್ಯಾತ್ಮನ ನೆನಪು ಜಾಸ್ತಿಯಾಗಿದೆ.

ತರಿಸಿದ್ದು 12 ಕಾರ್ಬನ್ ಬಾಣ. ಒಂದೊಂದೂ 32 ಇಂಚು. ಅವನಿಗೆ ಬೇಕಿದ್ದು 29. ಮೂರು ಇಂಚು ತಾನೇ ಅಂತ ಹ್ಯಾಕ್ಸಾ ಹಿಡಿದೆ. ಮೊದಲ ಬಾಣದ ತುದಿ ಹಳೇ ಕಸಬರಿಗೆಯಂತೆ ಸಿಬಿರು ಸಿಬಿರಾಯಿತು. ಕಾರ್ಬನ್ ಅಂದರೆ ಎಳೆಗಳನ್ನು ಅಂಟಿನಲ್ಲಿ ಹಿಡಿದಿಟ್ಟ ಕೊಳವೆ. ಗರಗಸದ ಹಲ್ಲು ಅದನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಜೋರಾಗಿ ತಿರುಗುವ ಉಜ್ಜುವ ಚಕ್ರವೇ ಬೇಕು. ಬಾಣವನ್ನು ನಿಧಾನವಾಗಿ ಸುತ್ತುತ್ತಾ ಕತ್ತರಿಸಿದರೆ ತುದಿ ನೇರ ಬರುತ್ತದೆ. ಇಲ್ಲದಿದ್ದರೆ ಮೊನೆ ಸೊಟ್ಟ ಕೂರುತ್ತದೆ.

ಜೋರಾಗಿ ತಿರುಗುವುದು ಮನೆಯಲ್ಲಿ ಎರಡೇ. ಒಂದು ನನ್ನ ತಲೆ, ಇನ್ನೊಂದು ಮಿಕ್ಸರ್.

ಹೆಂಡತಿ ತವರಿಗೆ ಹೋಗಿದ್ದಳು. ಮಿಕ್ಸರ್ ಅಡ್ಡ ಮಲಗಿಸಿ, ಚಪಾತಿ ಮಣೆಗೆ ಸೈಕಲ್ ಟ್ಯೂಬಿನಿಂದ ಬಿಗಿದೆ. ವಾಷರ್ ಮೇಲೆ ವಾಷರ್ ಹಾಕಿ ನಾಲ್ಕಿಂಚಿನ ಕಟಿಂಗ್ ಚಕ್ರ ಕೂರಿಸಿದೆ. ಬಾಣದ ಹಿಂದಿನ ತುದಿ ತಾಗಿ ನಿಲ್ಲಲು 29 ಇಂಚಿಗೆ ಒಂದು ಮರದ ತುಂಡು. ಮೂಗಿಗೆ ಒದ್ದೆ ಟವೆಲ್, ಕಣ್ಣಿಗೆ ಬೈಕಿನ ಕನ್ನಡಕ. ಸ್ವಿಚ್ ಹಾಕಿದೆ. ರೈಸ್ ಮಿಲ್ಲೇ ಅಡುಗೆಮನೆಗೆ ಬಂದಂತಾಯಿತು. ಆದರೆ ಕತ್ತರಿಸಿತು ನೋಡಿ! ತುದಿ ಬೆಣ್ಣೆ. ಉಳಿದ ಹನ್ನೊಂದೂ ಕಾಲು ಗಂಟೆಯಲ್ಲಿ ಮುಗಿದವು.

ಮಗ ಬಂದು ಎಲ್ಲವನ್ನೂ ಸಾಲಾಗಿ ಇಟ್ಟ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಪ್ಪಾ, ಇವೇನು ಕೊಳಲಾ?"

ಮಿಕ್ಸರ್ ನಡುಗಿದಂತೆಲ್ಲ ಮರದ ತುಂಡು ಚಕ್ರದ ಕಡೆ ತೆವಳಿತ್ತು. ಮೊದಲನೆಯದು 29, ಕೊನೆಯದು 27. ಗಿಡ್ಡ ಬಾಣ ಹೆದೆ ಎಳೆದಾಗ ಒಳಗೆ ಜಾರಿ ಬಿಲ್ಲು ಹಿಡಿದ ಕೈಗೇ ಚುಚ್ಚಬಹುದಂತೆ. ಅದನ್ನು ಕೇಳಿದ ಮೇಲೆ ವಾದ ಮಾಡಲಿಲ್ಲ.

ತುಂಡನ್ನು ಗಟ್ಟಿಯಾಗಿ ಕೂರಿಸುವುದು ಹೇಗೆ ಅಂತ ಕೇಳಲು ಎಲ್ಲವನ್ನೂ ವೆಲ್ಡಿಂಗ್ ಅಂಗಡಿಗೆ ಹೊತ್ತೊಯ್ದೆ. ಅಂಗಡಿಯ ಹುಡುಗ ತುಂಡು ನೋಡಲಿಲ್ಲ, ಚಕ್ರದ ಮೇಲಿನ ಅಕ್ಷರ ಓದಿದ.

"ಕಾಕಾ, ಇದು ನಿಮಿಷಕ್ಕ 15 ಸಾವಿರ ಸುತ್ತು ತಡೀತೈತಿ. ಮಿಕ್ಸರ್ 18 ಸಾವಿರ ದಾಟತೈತಿ. ಒಡದು ಸಿಡಿದಿದ್ರ ನಿಮಗ ಬಾಣಾನ ಬೇಕಾಗಿರಲಿಲ್ಲ."

ನನಗೆ ಕೂರಲು ಸ್ಟೂಲ್ ಬೇಕಾಯಿತು.

ಮೂರು ದಿನದ ಮೇಲೆ ಹೆಂಡತಿ ಶೇಂಗಾ ಹಿಂಡಿ ಮಾಡಲು ಮಿಕ್ಸರ್ ಹುಡುಕಿದಳು. ಅದರ ಮೈತುಂಬ ಕರಿ ಪುಡಿ. "ಏನ್ರೀ ಇದು?" ಅಂದಳು. ನಾನು ವಾಲಿಯ ಕಥೆ ಎತ್ತಿಕೊಂಡೆ, ನಡೆಯಲಿಲ್ಲ. ಸಂಜೆಗೇ ಇಬ್ಬರೂ ಹೊಸ ಮಿಕ್ಸರ್ ತರಲು ಹೋದೆವು. ಇದು ಎಷ್ಟು ಸುತ್ತು ತಿರುಗುತ್ತದೆ ಅಂತ ಅಂಗಡಿಯವರನ್ನು ಸುಮ್ನೆ ಕೇಳಿದೆ ಅಷ್ಟೇ. ಹೆಂಡತಿ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.