ಮೇಜಿನ ಕೆಳಗೆ ನಮ್ಮ ಹೆಸರಿತ್ತು

ಸೊಂಟ ಹಿಡಿದುಕೊಂಡು ಇವತ್ತಿಗೆ ಒಂಬತ್ತು ದಿನ. ಬಾಗಲಕೋಟೆಯಿಂದ ಬೆಳಗಾವಿಗೆ ಬಸ್ಸಿನ ಕೊನೇ ಸೀಟಿನಲ್ಲಿ ಹೋಗಿ ಬಂದದ್ದಕ್ಕೆ ಹೀಗಾಯಿತು ಅಂತ ಹೆಂಡತಿ ನಂಬಿದ್ದಾಳೆ. ನಂಬಲಿ ಬಿಡಿ, ಬಸ್ಸಿಗೇನು ಬೈಸಿಕೊಳ್ಳೋದು ಹೊಸದಾ? ನಿಜ ಏನಂದರೆ, ಕ್ಯಾಂಪಿನ ಒಂದು ಹಳೇ ಬಾರಿನಲ್ಲಿ ಅಂಬೆಗಾಲಿಟ್ಟುಕೊಂಡು ಮೇಜಿನ ಕೆಳಗೆ ನುಗ್ಗಿದ್ದಾಗ ಸೊಂಟ ಅಲ್ಲೇ ನಿಂತುಬಿಟ್ಟಿತು. ಕುಡಿದು ಹಾಗೆ ಮಾಡಿದ್ದರೆ ಒಂದು ಮರ್ಯಾದೆ ಇರುತ್ತಿತ್ತು. ನಾನು ಕುಡಿದದ್ದು ಲಿಂಬೆ ಸೋಡಾ.

ಆವತ್ತು ಟಿಳಕವಾಡಿಯಲ್ಲಿ ತಂಗಿ ಕಡೆಯ ಸಂಬಂಧಿಕರ ನಿಶ್ಚಯ. ಊಟ ಆಯಿತು, ಫೋಟೋ ಆಯಿತು, ಹಿರಿಯರೊಬ್ಬರು ಮಕ್ಕಳನ್ನು ಗುಡ್ಡೆ ಹಾಕಿಕೊಂಡು ಕಾಂಗ್ರೆಸ್ ಬಾವಿಯ ಕಥೆ ಹೇಳಿದ್ದೂ ಆಯಿತು. ಮೂರು ಗಂಟೆಗೆಲ್ಲ ನಾನು ಖಾಲಿ. ಬಸ್ಸು ರಾತ್ರಿ. ಧಾರವಾಡದಲ್ಲಿರುವ ಸೀನ್ಯಾನಿಗೆ ಫೋನ್ ಮಾಡಿದೆ. ಒಂದೂವರೆ ತಾಸಿನಲ್ಲಿ ಬಂದೇಬಿಟ್ಟ. ಹೆಂಡತಿಗೆ ಏನು ಹೇಳಿ ಬಂದ ಅಂತ ನಾನು ಕೇಳಲಿಲ್ಲ, ನನ್ನ ಹೆಂಡತಿಗೆ ನಾನು ಏನು ಹೇಳಿದ್ದೆ ಅಂತ ಅವನೂ ಕೇಳಲಿಲ್ಲ.

ಸೀನ್ಯಾ ಅಂದರೆ ಶ್ರೀನಿವಾಸ ಅಂದುಕೊಳ್ಳಬೇಡಿ. ಅವನ ಹೆಸರು ಬೇರೆಯೇ ಇದೆ. ಬಿಯರಿನ ಮೊದಲ ಗುಟುಕು ಗಂಟಲಿಗೆ ಇಳಿಯುತ್ತಲೇ ಮೂರು ಸಲ ಸೀನುತ್ತಾನೆ, ಅದಕ್ಕೆ ಸೀನ್ಯಾ. ಸಾಮಾನ್ಯ ಸೀನಲ್ಲ ಅದು. ಮೊದಲನೆಯದು ಟ್ರ್ಯಾಕ್ಟರ್ ಸ್ಟಾರ್ಟ್ ಆಗದ ಹಾಗೆ, ಎರಡನೆಯದು ಆದ ಹಾಗೆ, ಮೂರನೆಯದು ಯಾರದೋ ಮನೆ ತಗಡು ಹಾರಿದ ಹಾಗೆ.

ನಾವಿಬ್ಬರೂ 2001ರಿಂದ 2005ರವರೆಗೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿದವರು, ಓದಿದೆವು ಅಂತ ಮನೆಯವರು ತಿಳಿದುಕೊಂಡವರು. ರಿಸಲ್ಟ್ ಬಂದ ದಿನ ಕ್ಯಾಂಪಿನ ಆ ಬಾರಿಗೆ ಹೋಗುತ್ತಿದ್ದೆವು. ಪಾಸಾದರೆ ಬಿಯರು. ಬ್ಯಾಕ್ ಉಳಿದರೂ ಬಿಯರೇ, ಆದರೆ ಒಂದರಲ್ಲಿ ಇಬ್ಬರು. ಕ್ಯಾಂಪ್ ಗೊತ್ತಲ್ಲ, ಬ್ರಿಟಿಷರು ದಂಡು ಇಟ್ಟ ಜಾಗ. ದೊಡ್ಡ ದೊಡ್ಡ ಮರ, ಹಂಚಿನ ಬಂಗಲೆ, ಚರ್ಚು, ಬೆಳಿಗ್ಗೆ ಬೆಳಿಗ್ಗೆ ಓಡುವ ಮರಾಠಾ ಲೈಟ್ ಇನ್‌ಫಂಟ್ರಿಯ ಹುಡುಗರು. ಊರು ಇರೋದೇ ಸುಮಾರು 2500 ಅಡಿ ಎತ್ತರದಲ್ಲಿ, ಮೇಲೆ ಸಹ್ಯಾದ್ರಿಯ ಮಳೆ ಬೇರೆ. ಜುಲೈ ತಿಂಗಳ ಜಿಟಿಜಿಟಿಯಲ್ಲಿ ಆ ಬಾರಿನ ಕಿಟಕಿ ಪಕ್ಕ ಕುಳಿತರೆ ಹಂಚಿನಿಂದ ನೀರು ಸುರಿಯೋದು ಕಾಣುತ್ತಿತ್ತು. ಒಂದು ಹಂಚು ಒಡೆದಿತ್ತು, ಅದರ ನೀರು ಸರಿಯಾಗಿ ಮೂರನೇ ಮೇಜಿನ ಮೇಲೆ ಬೀಳುತ್ತಿತ್ತು. ಹೊಸಬರನ್ನು ಅಲ್ಲೇ ಕೂರಿಸುತ್ತಿದ್ದರು.

ಅಲ್ಲಿ ಬಾಪೂ ಅಂತ ಇದ್ದರು. ವೇಟರ್ ಅಂತ ಕರೆದರೆ ತಪ್ಪಾಗುತ್ತದೆ, ಅವರು ಹೆಡ್‌ಮಾಸ್ಟರ್ ಇದ್ದ ಹಾಗೆ. ಕನ್ನಡ, ಮರಾಠಿ, ಕೊಂಕಣಿ ಮೂರನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಪಟ್ಟಿ ಬರೆಯುತ್ತಿರಲಿಲ್ಲ. ಮೇಜಿನ ಮೇಲಿನ ಖಾಲಿ ಬಾಟ್ಲಿ ನೋಡಿ, ಎಡಗೈ ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟುತ್ತಾ ಲೆಕ್ಕ ಹೇಳುತ್ತಿದ್ದರು, ಅದರಲ್ಲಿ ನಾವು ತರಿಸದ ಒಂದು ಸೋಡಾ ತಪ್ಪದೇ ಇರುತ್ತಿತ್ತು. ಕೇಳದೇ ಒಂದು ತಾಟಿನ ತುಂಬ ಹುರಿದ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ, ಲಿಂಬೆ ಹೋಳು ತಂದು ಕುಕ್ಕುತ್ತಿದ್ದರು. ಅದು ಪುಕ್ಕಟೆ. ನಮ್ಮ ಎಷ್ಟೋ ಸಂಜೆಯ ಊಟ ಅದೇ.

ಬಾರು ಶುರುವಾಗಿದ್ದು ಯಾವಾಗ ಅಂತ ಕೇಳಿದರೆ ಬಾಪೂ ದಿನಕ್ಕೊಂದು ಇಸವಿ ಹೇಳುತ್ತಿದ್ದರು. ಆದರೆ ಪರ್ಮಿಟ್ಟಿನ ಕಥೆ ಮಾತ್ರ ಯಾವತ್ತೂ ಬದಲಾಗಲಿಲ್ಲ. 1956ರ ನವೆಂಬರ್ 1ರವರೆಗೆ ಬೆಳಗಾವಿ ಇದ್ದದ್ದು ಮುಂಬಯಿ ರಾಜ್ಯದಲ್ಲಿ. ಆ ರಾಜ್ಯದ 1949ರ ಪಾನನಿಷೇಧ ಕಾನೂನಿನಲ್ಲಿ ಆರೋಗ್ಯದ ಕಾರಣ ಇದ್ದವರಿಗೆ ಪರ್ಮಿಟ್ ಕೊಡುತ್ತಿದ್ದರು. ಗಡಿಯಾಚೆ ಮಹಾರಾಷ್ಟ್ರದ ಬಾರುಗಳ ಬೋರ್ಡಿನ ಮೇಲೆ ‘ಪರ್ಮಿಟ್ ರೂಮ್’ ಅಂತ ಇವತ್ತಿಗೂ ಇರುತ್ತಲ್ಲ, ಅದರ ಮೂಲ ಇದೇ. ಬಾಪೂ ಹೇಳುವ ಪ್ರಕಾರ ಆ ಕಾಲಕ್ಕೆ ಕ್ಯಾಂಪಿನಲ್ಲಿ ಆರೋಗ್ಯವಾಗಿದ್ದ ಗಂಡಸು ಒಬ್ಬನೂ ಇರಲಿಲ್ಲ.

2005ರ ಜೂನ್‌ನಲ್ಲಿ ಕೊನೇ ಪರೀಕ್ಷೆ ಮುಗಿದ ಸಂಜೆ ಕಿಟಕಿ ಪಕ್ಕದ ಮೇಜಿನ ಅಡಿಗೆ ಕೈವಾರದ ಮೊಳೆಯಿಂದ ನಮ್ಮಿಬ್ಬರ ಇನಿಷಿಯಲ್ಲು, ಇಸವಿ ಕೆತ್ತಿದೆವು. ಮೇಲೆ ಕೆತ್ತಿದರೆ ಬಾಪೂ ಕಿವಿ ಹಿಂಡುತ್ತಿದ್ದರು. ಕೈವಾರ ಇಂಜಿನಿಯರಿಂಗಿನಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಆ ದಿನದ ಪಟ್ಟಿ ತಾನೇ ಕೊಟ್ಟೆ ಅಂತ ಸೀನ್ಯಾ, ಅಲ್ಲ ನಾನೇ ಕೊಟ್ಟದ್ದು ಅಂತ ನಾನು. ಇಪ್ಪತ್ತು ವರ್ಷದಿಂದ ಈ ಜಗಳ ನಡೆದೇ ಇದೆ. ಅವನ ಮದುವೆಯ ಅಕ್ಕಿಕಾಳು ಹಾಕುವಾಗಲೂ ಒಂದು ಸುತ್ತು ಆಡಿದ್ದೇವೆ.

ಸರಿ, ಮೊನ್ನೆ ಹೋದೆವು. ಹೋದರೆ ಬಾಗಿಲೇ ಇಲ್ಲ! ಬಾಗಿಲಿದ್ದಲ್ಲಿ ಗೋಡೆ, ಗೋಡೆಗೆ ಪ್ಲಾಸ್ಟಿಕ್ ಬಳ್ಳಿ. ಸುತ್ತು ಹಾಕಿ ಹಿಂದಿನ ಗಲ್ಲಿಯಿಂದ ಒಳಗೆ ಹೋಗಬೇಕು. ಸೀನ್ಯಾನಿಗೆ ಎಲ್ಲದಕ್ಕೂ ಕಾರಣ ಗೊತ್ತಿರುತ್ತದೆ. “ಇದು ಸುಪ್ರೀಂ ಕೋರ್ಟಿನ ಕೆಲಸಲೇ” ಅಂದ. 2016ರ ಡಿಸೆಂಬರಿನಲ್ಲಿ ಹೆದ್ದಾರಿಯಿಂದ 500 ಮೀಟರಿನ ಒಳಗೆ ಮದ್ಯದಂಗಡಿ ಇರಬಾರದು ಅಂತ ಆದೇಶ ಬಂತಲ್ಲ, ಆಗ ಎಷ್ಟೋ ಕಡೆ ಟೇಪು ಹಿಡಿದುಕೊಂಡು ಓಡಾಡಿದರು, ಕೆಲವರು ದಾರಿ ಉದ್ದವಾಗಲಿ ಅಂತ ಬಾಗಿಲನ್ನೇ ಹಿಂದಕ್ಕೆ ತಿರುಗಿಸಿದರು, ಮರುವರ್ಷ ನಗರದೊಳಗಿನವರಿಗೆ ಅದು ಅನ್ವಯಿಸೋದಿಲ್ಲ ಅಂತ ಕೋರ್ಟೇ ಹೇಳಿತು, ಅಷ್ಟರಲ್ಲಿ ಇವರು ಗೋಡೆ ಕಟ್ಟಿಬಿಟ್ಟಿದ್ದರು. ಇದು ಸೀನ್ಯಾನ ತೀರ್ಪು. ನಾನು ಒಪ್ಪಿಕೊಂಡೆ.

ಹೊಸ ಬಾಗಿಲ ಮೇಲೆ ‘ಸಿನ್ಸ್ 1924’ ಅಂತ ಹಿತ್ತಾಳೆ ಅಕ್ಷರ. ಬಾಪೂ ಹೇಳಿದ ಅಷ್ಟೂ ಇಸವಿಗಳಲ್ಲಿ ಇದೊಂದು ಮಾತ್ರ ಇರಲಿಲ್ಲ.

ಒಳಗೆ ಕತ್ತಲೆ, ನೇರಳೆ ಲೈಟು, ಎದೆಯೊಳಗೆ ಕುಟ್ಟುವ ಹಾಡು. ಹಂಚು ಕಾಣದ ಹಾಗೆ ಸೀಲಿಂಗು. ಒಂದು ಮೂಲೆಯಲ್ಲಿ ಫೈಬರಿನ ಕೆಂಪು ಟೆಲಿಫೋನ್ ಡಬ್ಬಿ, ಗೋಡೆ ಮೇಲೆ ಲಂಡನ್ನಿನ ಗಡಿಯಾರದ ಗೋಪುರ. ಅಲ್ರೀ, ಹೊರಗೆ ಹತ್ತು ಹೆಜ್ಜೆ ಹಾಕಿದರೆ ನಿಜವಾದ ಬ್ರಿಟಿಷ್ ಕಾಲದ ಬಂಗಲೆಗಳು ಸಾಲಾಗಿ ನಿಂತಿವೆ, ಅವನ್ನು ಬಿಟ್ಟು ಲಂಡನ್ನಿಗೆ ಯಾಕೆ ಹೋಗಬೇಕಿತ್ತು? ಬೆಳಗಾವಿಯದು ಅಂತ ಇದ್ದದ್ದು ಒಂದೇ ಫೋಟೋ, ಅದೂ ಬಿಯರ್ ನಲ್ಲಿಗಳ ಮೇಲೆಯೇ. ನೋಡಿದರೆ 1924ರ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ಜೀವನದಲ್ಲಿ ಒಂದೇ ಸಲ, ಅದು ನಮ್ಮ ಬೆಳಗಾವಿಯಲ್ಲಿ, ಡಿಸೆಂಬರ್ 26 ಮತ್ತು 27ಕ್ಕೆ. ಬೆಳಿಗ್ಗೆ ನಿಶ್ಚಯದಲ್ಲಿ ಕೇಳಿದ ಬಾವಿ ಅದೇ ಅಧಿವೇಶನಕ್ಕೆ ತೋಡಿದ್ದು, ಪಂಪಾ ಸರೋವರ ಅಂತ ಅದಕ್ಕೆ ಹೆಸರು. ಬೋರ್ಡಿನ ಇಸವಿ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು. ಹೆಂಡ ಬಿಡಿ ಅಂತ ಜನ್ಮವಿಡೀ ಹೇಳಿದವರ ಪಾದದ ಕೆಳಗೆ ಆರು ನಲ್ಲಿ. ಸೀನ್ಯಾ ಕುರ್ಚಿ ತಿರುಗಿಸಿ ಬೆನ್ನು ಮಾಡಿ ಕುಳಿತ.

ಮೆನು ಇಲ್ಲ. ಮೇಜಿನ ಮೇಲಿನ ಚೌಕಾಕಾರದ ಚುಕ್ಕಿಗಳಿಗೆ ಫೋನು ಹಿಡಿಯಬೇಕು. ಸೀನ್ಯಾನ ಕನ್ನಡಕ ಕಾರಿನಲ್ಲಿ, ನನ್ನ ಫೋನಿಗೆ ಚಾರ್ಜ್ ಕಡಿಮೆ. ವೇಟರ್ ಹುಡುಗ ಮೊದಲು ಇಂಗ್ಲಿಷ್, ಆಮೇಲೆ ಹಿಂದಿ, ಕೊನೆಗೆ ನಮ್ಮ ಮುಖ ನೋಡಿ ಕನ್ನಡಕ್ಕೆ ಇಳಿದ.

“ಸಾರ್, ವೀಟ್ ಬಿಯರ್ ಟ್ರೈ ಮಾಡಿ.”

“ಗೋಧಿದೇನು? ನನಗ ಡಾಕ್ಟರ್ ಗೋಧಿ ಬಿಡ್ಸ್ಯಾರಪಾ” ಅಂದ ಸೀನ್ಯಾ.

ಪರ್ಮಿಟ್ಟಿನ ಕಾಲದವರ ಹತ್ತಿರ ಡಾಕ್ಟರ ಚೀಟಿ ಇತ್ತಂತೆ. ನಮ್ಮ ಹತ್ತಿರವೂ ಇದೆ, ಬರೆದಿರೋದು ಮಾತ್ರ ಉಲ್ಟಾ. ಅವನಿಗೆ ಸಕ್ಕರೆ, ನನಗೆ ಬಿಪಿ ಮತ್ತು ರಾತ್ರಿ ಬಸ್ಸು. ಕೊನೆಗೆ ಅವನಿಗೆ ಇರೋದರಲ್ಲೇ ಸಣ್ಣ ಬಿಯರು, ನನಗೆ ಲಿಂಬೆ ಸೋಡಾ. ಹುಡುಗ ಅದನ್ನು ಬರೆದುಕೊಂಡ ರೀತಿ ನೋಡಿದರೆ ಯಾರೋ ಸತ್ತಿದ್ದಾರೆ ಅನ್ನಬೇಕು.

ಚಕ್ಣಾ ಅಂತ ಶೇಂಗಾ ಕೇಳಿದೆವು. 220 ರೂಪಾಯಿಯ ಶೇಂಗಾ ಬಂತು. ಆಟಿಕೆಯ ತಳ್ಳುಗಾಡಿ, ನಾಲ್ಕು ಚಕ್ರ, ಮೇಲೆ ಛತ್ರಿ, ಅದರೊಳಗೆ ಬಟ್ಟಲು, ಬಟ್ಟಲೊಳಗೆ ಎಂತದೋ ಸೊಪ್ಪು, ಸೊಪ್ಪಿನ ಕೆಳಗೆ ಶೇಂಗಾ. ಸೀನ್ಯಾ ಎಣಿಸಿದ. ನಲವತ್ತೊಂದು. ಆಮೇಲೆ ಸುಮ್ನೆ ಗಾಡಿಯನ್ನು ನನ್ನ ಕಡೆ ತಳ್ಳಿದ, ನಾನು ವಾಪಸ್ ತಳ್ಳಿದೆ. ಸಂಜೆಯಲ್ಲಿ ನಾವು ನಕ್ಕದ್ದು ಅದೊಂದಕ್ಕೇ. ಬಾಪೂ ಎಲ್ಲಿ ಅಂತ ಕೇಳಿದರೆ ಹುಡುಗ “ಅದು ಹೊಸ ಐಟಮ್ಮಾ ಸಾರ್?” ಅಂದ.

ಬಿಯರು ಬಂತು, ಮೊದಲ ಗುಟುಕು ಇಳಿಯಿತು, ಮೂರು ಸೀನು ಬಂದವು. ಆ ಹಾಡಿನ ಗದ್ದಲದಲ್ಲೂ ಡಿಜೆ ಹುಡುಗ ತಲೆ ಎತ್ತಿ ತನ್ನ ಡಬ್ಬಿ ತಟ್ಟಿ ನೋಡಿದ.

ಆಗ ನನಗೆ ಮೇಜು ನೆನಪಾಯಿತು. ಕಿಟಕಿ ಇದ್ದ ಜಾಗ ಅದೇ, ಮೇಜಿನ ಕಟ್ಟಿಗೆಯೂ ಹಳೇದರ ಹಾಗೇ ಸವೆದಿತ್ತು, ಅಂಚಿನಲ್ಲಿ ಚಾಕು ಗೀರು, ಸಿಗರೇಟು ಸುಟ್ಟ ಕಲೆ. ಇದೇ ಇರಬೇಕು ಅನ್ನಿಸಿತು. ಬಗ್ಗಿ ನೋಡಿದರೆ ಕಾಣಲಿಲ್ಲ. ಫೋನಿನ ಟಾರ್ಚ್ ಹಚ್ಚಿ ಮೊಣಕಾಲೂರಿ ಒಳಗೆ ಹೋದೆ. ಕೈಯಾಡಿಸಿದೆ. ಯಾರೋ ಅಂಟಿಸಿದ ಚೂಯಿಂಗ್ ಗಮ್ಮು ಸಿಕ್ಕಿತು. ಇನ್ನೂ ಒಳಗೆ ಒಂದು ಬಿಳಿ ಚೀಟಿ. ‘ಆಂಟಿಕ್ ಫಿನಿಶ್, 12 ನಗ.’ ಗೀರು, ಕಲೆ, ಸವಕಳಿ ಎಲ್ಲವೂ ಫ್ಯಾಕ್ಟರಿಯಲ್ಲೇ ಹಾಕಿ ಕಳಿಸಿದ್ದು. ಪಕ್ಕದ ಮೇಜಿನಲ್ಲೂ ಅದೇ ಜಾಗದಲ್ಲಿ ಅದೇ ಅಳತೆಯ ಸಿಗರೇಟು ಕಲೆ ಇತ್ತು ಅಂತ ಆಮೇಲೆ ನೋಡಿದೆ.

ಸಿಟ್ಟಿನಲ್ಲಿ ತಿರುಗಲು ಹೋದೆ ನೋಡಿ, ಸೊಂಟದಲ್ಲಿ ಕಟಕ್ ಅಂತು. ಮುಂದೆ ಹೋಗೋಕೂ ಆಗದು, ಹಿಂದೆ ಬರೋಕೂ ಆಗದು. ಅಷ್ಟರಲ್ಲಿ ಟಾರ್ಚ್ ಬೆಳಕು ಪಕ್ಕದ ಮೇಜಿನ ಹೆಣ್ಣುಮಗಳ ಚಪ್ಪಲಿ ಮೇಲೆ ಬಿತ್ತು. “ಅಯ್ಯ, ಯಾರ್ರೀ ಅದು ಕೆಳಗ!” ಅಂತ ಆಕೆ ಕಾಲು ಮೇಲೆತ್ತಿಕೊಂಡರು. ಹಾಡು ನಿಂತಿತು. ಕರಿ ಟೀಶರ್ಟಿನ ಬೌನ್ಸರ್ ಬಂದು ಬಗ್ಗಿದ. ಅವನ ಮುಖ, ನನ್ನ ಮುಖ, ನಡುವೆ ಒಂದು ಗೇಣು.

“ಏನ್ ಕಳಕೊಂಡ್ರಿ ಸರ್?”

ಮೇಲಿನಿಂದ ಸೀನ್ಯಾನ ದನಿ: “ಹರೇ ಕಳಕೊಂಡೀವಪಾ, ಹರೇ.”

“ಯಾವ ಕಲರ್ ಐತ್ರಿ?” ಅಂದ ಬೌನ್ಸರ್, ಪಾಪ, ತನ್ನ ಟಾರ್ಚನ್ನೂ ಹಚ್ಚಿದ.

ಇಬ್ಬರು ಸೇರಿ ನನ್ನನ್ನು ಎಳೆದು ತೆಗೆದರು. ಪಕ್ಕದ ಮೇಜಿನ ಅಕ್ಕನಿಗೆ ಸೀನ್ಯಾ ಹೋಗಿ ಇಪ್ಪತ್ತು ವರ್ಷದ ಕಥೆಯನ್ನೆಲ್ಲ ಹೇಳಿ ಕೈಮುಗಿದ. ಆಕೆ ನಕ್ಕರು, ಗಂಡ ನಗಲಿಲ್ಲ. ಎಂಟುನೂರು ಚಿಲ್ಲರೆಯ ಪಟ್ಟಿಯನ್ನು ಇಬ್ಬರೂ ಅರ್ಧರ್ಧ ಕೊಟ್ಟು, ಇಬ್ಬರೂ ರಸೀದಿಯ ಫೋಟೋ ತೆಗೆದುಕೊಂಡೆವು. ಮುಂದೆ ಜಗಳ ಬೇಡ ಅಂತ.

ಹಿಂದಿನ ಗಲ್ಲಿಯಲ್ಲಿ ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದೆ. ಗೇಟಿನ ವಾಚ್‌ಮನ್ ತನ್ನ ಸ್ಟೂಲು ಬಿಟ್ಟುಕೊಟ್ಟ. ಸೀನ್ಯಾನನ್ನೇ ದಿಟ್ಟಿಸುತ್ತಿದ್ದ.

“ಒಳಗ ಸೀನಿದವ್ರು ನೀವs ಏನ್ರಿ?”

“ಹೌದು, ಯಾಕಪಾ?”

“ಆ ಸೀನು ನಾ ಎಲ್ಲೋ ಕೇಳೀನಿ ಅನಸ್ತ್ರಿ. ನಾ ಮೊದಲ ಇಲ್ಲೇ ಅಡಗಿಮನ್ಯಾಗ ಉಳ್ಳಾಗಡ್ಡಿ ಹೆಚ್ಚತಿದ್ದೆ.”

ನಮಗೆ ಖುಷಿಯೋ ಖುಷಿ. ಇಡೀ ಊರಿನಲ್ಲಿ ನಮ್ಮನ್ನು ಗುರುತು ಹಿಡಿದವನು ಒಬ್ಬನಾದರೂ ಸಿಕ್ಕಿದನಲ್ಲ! ಬಾಪೂ ವಿಚಾರ ಕೇಳಿದೆವು. ಕಣ್ಣು ಮಂಜಾಗಿದೆಯಂತೆ, ಖಾನಾಪುರದ ಕಡೆ ಮಗಳ ಮನೆಯಲ್ಲಿದ್ದಾರಂತೆ, ಅವರು ಜೀವನದಲ್ಲಿ ಒಂದು ಹನಿ ಕುಡಿದವರಲ್ಲವಂತೆ. ಬಾಗಿಲು ಹಿಂದಕ್ಕೆ ಹೋದದ್ದು ಕೋರ್ಟಿನಿಂದ ತಾನೇ ಅಂತ ಸೀನ್ಯಾ ಕೇಳಿದ. “ಕೋರ್ಟೂ ಇಲ್ಲ ಏನೂ ಇಲ್ರಿ, ವಾಸ್ತು” ಅಂದ.

ಹಾಗೇ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಥಟ್ಟನೆ ಎದ್ದು ನಿಂತ.

“ಕಡೀ ಪರೀಕ್ಷಾ ಮುಗಿಸಿ ಬಂದು, ಪಟ್ಟಿ ಕೊಡದs ಹ್ವಾದವ್ರು ನೀವs ಅಲ್ಲೇನ್ರಿ? ಬಾಪೂ ಮೂಲಿತನಕ ಓಡಿ ಬಂದಿದ್ರು. 212 ರೂಪಾಯಿ. ಅವ್ರ ಪಗಾರದಾಗ ಮುರಕೊಂಡ್ರು. ಸೀನೋ ಹುಡುಗನ ಉದ್ರಿ, ಸೀನೋ ಹುಡುಗನ ಉದ್ರಿ ಅಂತ ವರ್ಷಗಟ್ಟಲೆ ಅಂತಿದ್ರು.”

ನಾನು ಸೀನ್ಯಾನನ್ನು ನೋಡಿದೆ. ಸೀನ್ಯಾ ಪ್ಲಾಸ್ಟಿಕ್ ಬಳ್ಳಿ ನೋಡುತ್ತಿದ್ದ.

ನಾನು ಐದುನೂರರ ನೋಟು ತೆಗೆದೆ, ಅವನೂ ತೆಗೆದ. ವಾಚ್‌ಮನ್ ಎರಡನ್ನೂ ಮಡಚಿ ಮೇಲಿನ ಜೇಬಿನಲ್ಲಿಟ್ಟುಕೊಂಡ. ಬರುವ ಅಮಾವಾಸ್ಯೆಗೆ ಖಾನಾಪುರಕ್ಕೆ ಹೋಗುತ್ತೇನೆ, ಮುಟ್ಟಿಸುತ್ತೇನೆ ಅಂದ. ಮುಟ್ಟಿಸುತ್ತಾನೋ ಇಲ್ಲವೋ, ಕೇಳುವ ಮುಖ ನಮಗಿರಲಿಲ್ಲ. “ಅದರಾಗ ಒಂದು ಸೋಡಾ ನಾವು ಕುಡದಿರಾಂಗಿಲ್ಲ” ಅಂತ ಸೀನ್ಯಾ ಗೊಣಗಿದ. ಕಾಲು ತುಳಿದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಅರ್ಧ ಕಿಲೋ ಕುಂದಾ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಸಿಕ್ಕಿದ್ದು ನಿಜವಾಗಿಯೂ ಕೊನೇ ಸೀಟು. ನಿನ್ನೆ ಹೆಂಡತಿ ಎಣ್ಣೆ ತಿಕ್ಕುತ್ತಾ, “ಇನ್ನೊಮ್ಮೆ ಹೋಗೂದಿದ್ರ ಮುಂದಿನ ಸೀಟು ಬುಕ್ ಮಾಡ್ಸ್ರಿ” ಅಂದಳು. ಹ್ಞೂಂ ಅಂದೆ. ಅಷ್ಟರಲ್ಲಿ ಫೋನ್ ಬಂತು, ಸೀನ್ಯಾ. ಅವಳ ಮುಂದೆಯೇ ಸ್ಪೀಕರಿಗೆ ಹಾಕಿಬಿಟ್ಟೆ.

“ಲೇ, ಐದುನೂರು ನಾನೂ ಕೊಟ್ಟೀನಿ, ನೆನಪಿರ್ಲಿ” ಅಂದ.