'ಟಕ್' ಅಂದರೆ ಮೂಳೆ ಕೂತಿತು ಅಂತಲ್ಲ

ಬೆನ್ನು ಲಟಕ್ಕನೆ ತಿರುಗಿಸುವ ವಿಡಿಯೋಗಳು ಈಗ ಎಲ್ಲರ ಫೋನಿನಲ್ಲೂ ಓಡಾಡುತ್ತಿವೆ. ಒಬ್ಬರು ಮಗ್ಗುಲಾಗಿ ಮಲಗಿರುತ್ತಾರೆ. ಇನ್ನೊಬ್ಬರು ಅವರ ಭುಜವನ್ನು ಹಿಂದಕ್ಕೆ, ಸೊಂಟವನ್ನು ಮುಂದಕ್ಕೆ ಒತ್ತಿ ಹಿಡಿದು ಒಂದೇ ಸಲ ತಿರುಗಿಸುತ್ತಾರೆ. ಟಕ್! 'ನೋಡಿ, ಜಾರಿದ್ದ ಮೂಳೆ ಕೂತಿತು' ಅನ್ನುತ್ತಾರೆ.

ನನ್ನ ತಕರಾರು ಇರೋದು ಆ ಕೈಚಳಕದ ಮೇಲಲ್ಲ, ಈ ಮಾತಿನ ಮೇಲೆ.

ಆ ಸದ್ದು ಮೂಳೆಯದಲ್ಲ. ಕೀಲಿನ ಒಳಗೆ ಸ್ವಲ್ಪ ದ್ರವ ಇರುತ್ತದೆ. ಕೀಲನ್ನು ತಟ್ಟನೆ ಎಳೆದಾಗ ಒಳಗಿನ ಒತ್ತಡ ಇಳಿದು ಗಾಳಿಗುಳ್ಳೆ ಹುಟ್ಟುತ್ತದೆ. ಬೆರಳಿನ ನೆಟಿಕೆ ಮುರಿದಾಗ ಬರೋದೂ ಇದೇ ಸದ್ದು. ಬೆರಳ ಮೂಳೆ ಜಾರಿತ್ತು ಅಂತ ಯಾರೂ ಹೇಳಲ್ಲ ಅಲ್ವಾ?

ಹೀಗೆ ಕೈಯಿಂದ ಬೆನ್ನು ತಿರುಗಿಸುವ ಚಿಕಿತ್ಸೆಗೆ ಹೆಸರಾದ ಕೈರೊಪ್ರಾಕ್ಟಿಕ್ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಡ್ಯಾವೆನ್‌ಪೋರ್ಟ್‌ನಲ್ಲಿ. ಅದನ್ನು ಶುರು ಮಾಡಿದ ಡಿ. ಡಿ. ಪಾಮರ್, ಬೆನ್ನಿನ ಮೂಳೆ ಜಾಗ ತಪ್ಪುವುದೇ ಹೆಚ್ಚಿನ ಕಾಯಿಲೆಗಳಿಗೆ ಮೂಲ ಅಂತ ನಂಬಿದ್ದರು. ಆ ನಂಬಿಕೆಗೆ ಪುರಾವೆ ಸಿಗಲಿಲ್ಲ. ಆದರೆ ಸೊಂಟ ನೋವಿಗೆ ಈ ವಿಧಾನದಿಂದ ಕೆಲವರಿಗೆ ಸ್ವಲ್ಪ ಆರಾಮ ಸಿಗೋದು ನಿಜ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹಳೆಯ ಸೊಂಟ ನೋವಿಗೆ ಕೊಟ್ಟ ಸಲಹೆಗಳಲ್ಲಿ ವ್ಯಾಯಾಮ, ಮಸಾಜ್ ಜೊತೆಗೆ ಇದೂ ಇದೆ. ಸೊಂಟಕ್ಕೆ ಕಟ್ಟುವ ಬೆಲ್ಟ್ ಮಾತ್ರ ವಾಡಿಕೆಯಾಗಿ ಬೇಡ ಅಂದಿದೆ!

ಇನ್ನು ಎಂಆರ್‌ಐ ರಿಪೋರ್ಟ್. ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗೆ ಇರೋದು ಡಿಸ್ಕ್. 'ಡಿಸ್ಕ್ ಸವೆದಿದೆ, ಉಬ್ಬಿದೆ' ಅಂತ ಓದಿದ ತಕ್ಷಣ ಜೀವ ಝಲ್ಲೆನ್ನುತ್ತದೆ. ಆದರೆ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ಅಧ್ಯಯನದಲ್ಲಿ, 20ರ ವಯಸ್ಸಿನವರಲ್ಲೇ ಶೇ. 37ರಷ್ಟು ಜನರಿಗೆ ಡಿಸ್ಕ್ ಸವೆತ ಇತ್ತು. 80ರ ವಯಸ್ಸಿನವರಲ್ಲಿ ಶೇ. 96. ಕೂದಲು ನೆರೆತ ಹಾಗೆ ಇದೂ ವಯಸ್ಸಿನ ಗುರುತು. ಜಾರಿದ ಡಿಸ್ಕ್ ಕೂಡ ಎಷ್ಟೋ ಸಲ ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ.

ಇದನ್ನು ಯಾರೂ ಹೇಳದಿದ್ದರೆ ಏನಾಗುತ್ತದೆ? ಒಮ್ಮೆ ಬೆನ್ನು ನೋವು ಬಂದವರು ನೆಲಕ್ಕೆ ಬಿದ್ದ ಪೆನ್ನು ಎತ್ತುವುದನ್ನು ಗಮನಿಸಿ. ಒಂದು ಕೈ ಮೇಜಿಗೆ ಊರುತ್ತಾರೆ. ಉಸಿರು ಬಿಗಿ ಹಿಡಿಯುತ್ತಾರೆ. ಬೆನ್ನು ಒಂಚೂರೂ ಬಾಗದ ಹಾಗೆ, ಮೆಲ್ಲಗೆ ಮಂಡಿಯೂರುತ್ತಾರೆ. ನೋವು ಹೋಗಿ ಎಷ್ಟು ದಿನವಾದರೂ ಇದೇ ರೀತಿ! ಬಗ್ಗಿದರೆ ಮೂಳೆ ಮತ್ತೆ ಜಾರುತ್ತದೆ ಅನ್ನೋ ಹೆದರಿಕೆ. ಸ್ನಾಯುಗಳು ಹೀಗೆ ಸದಾ ಬಿಗಿದುಕೊಂಡಿದ್ದರೆ ಹೋದ ನೋವು ಮತ್ತೆ ಬರಬಹುದು. ಬೆನ್ನು ಇರೋದೇ ಬಾಗೋದಕ್ಕೆ, ಭಾರ ಹೊರೋದಕ್ಕೆ. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಆದಷ್ಟು ಓಡಾಡಿಕೊಂಡಿರುವುದೇ ಒಳ್ಳೆಯದು.

ಅದಕ್ಕೇ ಹೇಳ್ತೀನಿ, ಹಿತ ಅನಿಸಿದರೆ ತರಬೇತಿ ಪಡೆದವರ ಹತ್ತಿರ ಖಂಡಿತ ಹೋಗಿ. 'ನಿಮ್ಮ ಬೆನ್ನು ಕೆಟ್ಟಿದೆ, ಜೀವನಪೂರ್ತಿ ವಾರವಾರ ಬರಬೇಕು' ಅಂದರೆ ಮಾತ್ರ ಎದ್ದು ಬನ್ನಿ. ಕತ್ತು ತಿರುಗಿಸಲು ಬಂದರೆ ನಾನಂತೂ ಬೇಡ ಅನ್ನುತ್ತೇನೆ. ಅಪರೂಪಕ್ಕಾದರೂ ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ಆದದ್ದಿದೆ.

ಮೂತ್ರ ಕಟ್ಟಿದರೆ, ತೊಡೆಯ ಸಂದಿ ಮರಗಟ್ಟಿದರೆ, ಕಾಲಿನ ಬಲ ಕುಸಿಯುತ್ತಾ ಹೋದರೆ ಯಾವ ಮಸಾಜೂ ಬೇಡ. ಅದು ಬೆಳಗಾಗುವವರೆಗೂ ಕಾಯುವ ವಿಷಯವಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.